ಸಪ್ಪೆ ಊಟದ ಒಂಬತ್ತು ವರ್ಷ

ಹೋದ ತಿಂಗಳ ಒಂದು ಸೋಮವಾರ ಮಧ್ಯಾಹ್ನ, ಹೊಳೆದಂಡೆಯ ಆಶ್ರಮದಲ್ಲಿ ಸಾರಿಗೆ ಉಪ್ಪು ಹಾಕಲಾಯಿತು. ಒಂಬತ್ತು ವರ್ಷಗಳಲ್ಲಿ ಇದು ಮೊದಲನೆಯ ಸಲ. ಸುದ್ದಿ ಊಟ ಮುಗಿಯುವ ಮೊದಲೇ ಹೊಳೆ ದಾಟಿತು. ಇಬ್ಬರು ಹಿರಿಯ ಭಕ್ತರು ಬರುವುದನ್ನೇ ನಿಲ್ಲಿಸಿದರು. ಮೂರನೆಯವರು ಬಂದು, ಎರಡು ಸಲ ಬಡಿಸಿಕೊಂಡು ಉಂಡು, ಖೇದ ವ್ಯಕ್ತಪಡಿಸಿ ಹೋದರು.

ಒಂಬತ್ತು ವರ್ಷದ ಹಿಂದೆ ಕರಿಬಸವ ಎಂಬ ತರುಣ ಶಿಷ್ಯನಾಗಲು ಬಂದಿದ್ದ. ಬಂದ ದಿನವೇ ಗುರುಗಳ ತಟ್ಟೆ ನೋಡಿದ. ಒಂದು ಹಿಡಿ ಅನ್ನ, ಬೇಯಿಸಿದ ಸೋರೆಕಾಯಿ. ಉಪ್ಪಿಲ್ಲ, ಬೇಳೆಯಿಲ್ಲ, ಹಾಲಿಲ್ಲ.

ಅವನು ಏನನ್ನೂ ಕೇಳಲಿಲ್ಲ. ಕಾಲಿಗೆ ಬಿದ್ದ. ಮರುದಿನದಿಂದ ತಾನೂ ಅದನ್ನೇ ಉಂಡ.

ವಾರ ತುಂಬುವುದರೊಳಗೆ ಉಳಿದ ಮೂವರು ಶಿಷ್ಯರೂ ಅದನ್ನೇ ಉಣ್ಣತೊಡಗಿದರು. ನಾಲಿಗೆಯನ್ನು ಗೆಲ್ಲುವುದು ಹೇಗೆಂದು ಕರಿಬಸವ ಹುಣ್ಣಿಮೆಗೊಮ್ಮೆ ಉಪದೇಶ ಮಾಡುತ್ತಿದ್ದ. ಜನ ಕೇಳಿ ತಲೆದೂಗುತ್ತಿದ್ದರು. ಮನೆಗೆ ಹೋಗಿ ಉಪ್ಪಿನಕಾಯಿ ನೆಂಚಿಕೊಂಡು ಉಣ್ಣುತ್ತಿದ್ದರು.

ನೀರು ಹೊರುವುದು, ಸೌದೆ ಒಡೆಯುವುದು ಕರಿಬಸವನ ಕೆಲಸ. ಮೊದಲ ವರ್ಷ ಎರಡು ಕೊಡ ಒಟ್ಟಿಗೆ ಹೊರುತ್ತಿದ್ದ. ಆಮೇಲೆ ಒಂದು. ಈ ವರ್ಷ ಅರ್ಧ ಕೊಡ ಹೊತ್ತು ಬರುವಾಗ ಮೆಟ್ಟಿಲ ಮೇಲೆ ಕುಸಿದು ಬಿದ್ದ.

ತಾಲ್ಲೂಕು ಆಸ್ಪತ್ರೆಯವರು ರಕ್ತ ಪರೀಕ್ಷೆ ಮಾಡಿ, ಡಯಟಿಷಿಯನ್ ಸಬಿಹಾ ಅವರ ಬಳಿ ಕಳಿಸಿದರು. ಗುರುಗಳೂ ಜೊತೆಗೆ ಹೋದರು.

"ದಿನಾ ಏನು ತಿಂತೀರಿ?" ಎಂದು ಸಬಿಹಾ ಕೇಳಿದರು.

ಕರಿಬಸವ ಹೇಳಿದ. ಹೆಮ್ಮೆಯಿಂದಲೇ ಹೇಳಿದ.

ಸಬಿಹಾ ಪೆನ್ನು ಕೆಳಗಿಟ್ಟರು. "ಈ ಪಟ್ಟಿ ನಿಮಗೆ ಎಲ್ಲಿ ಸಿಕ್ಕಿತು?"

"ಗುರುಗಳ ತಟ್ಟೆಯಲ್ಲಿ."

"ಇದನ್ನು ಬರೆದವಳು ನಾನು. ಆಗ ಕೆಲಸಕ್ಕೆ ಸೇರಿದ ಹೊಸದು. ಕಿಡ್ನಿ ಕೆಟ್ಟಿದ್ದ ಒಬ್ಬ ಹಿರಿಯರಿಗೆ ಬರೆದುಕೊಟ್ಟಿದ್ದೆ." ಗುರುಗಳ ಕಡೆ ತಿರುಗಿದರು. "ಬುದ್ಧಿ, ಅದು ನಿಮ್ಮದೇ ತಾನೆ?"

"ನನ್ನದೇ, ತಾಯಿ."

"ಇವರ ಕಿಡ್ನಿ ಚೆನ್ನಾಗಿದೆ. ಮೈಯಲ್ಲಿ ಬೇರೇನೂ ಉಳಿದಿಲ್ಲ, ಅಷ್ಟೆ."

ಕರಿಬಸವ ಗುರುಗಳ ಮುಖ ನೋಡಿದ.

"ಬುದ್ಧಿ, ನೀವು ನಾಲಿಗೆ ಗೆದ್ದವರಲ್ಲವೆ?"

"ಇಲ್ಲಪ್ಪ. ಡಾಕ್ಟರು ಗದರಿಸಿದ್ದರು."

"ನನಗೆ ಒಂದು ಮಾತು ಹೇಳಬಾರದಿತ್ತೆ?"

"ಮೊದಲ ದಿನ ಹೇಳೋಣ ಅಂದುಕೊಂಡೆ. ನೀನು ಕಾಲಿಗೆ ಬಿದ್ದುಬಿಟ್ಟೆ. ಎರಡನೇ ದಿನ ಊರವರು ಹಾರ ತಂದರು. ಮೂರನೇ ದಿನದಿಂದ, ಇದು ತಪಸ್ಸೇ ಇರಬೇಕು ಎಂದು ನನಗೂ ಅನ್ನಿಸತೊಡಗಿತು."

ಕರಿಬಸವ ಸಬಿಹಾ ಕಡೆ ತಿರುಗಿದ. "ಹಾಗಾದರೆ ನನ್ನ ಪಟ್ಟಿ ಬರೆದುಕೊಡಿ ಮೇಡಂ."

"ಕೊಡಲ್ಲ. ಕೊಟ್ಟರೆ ಅದಕ್ಕೂ ಒಂಬತ್ತು ವರ್ಷ ಪೂಜೆ ಮಾಡ್ತೀರಿ. ಸದ್ಯ ಎಲ್ಲರ ಹಾಗೆ ಉಪ್ಪು, ಬೇಳೆ, ಹಾಲು ಶುರು ಮಾಡಿ. ಯಾವಾಗ ಹಸಿವಾಯಿತು, ಏನು ತಿಂದಿರಿ, ಯಾವುದು ಒಗ್ಗಿತು ಅಂತ ಬರೆದಿಡಿ. ಮುಂದಿನ ವಾರ ಬನ್ನಿ. ಇಬ್ಬರೂ ಕೂತು ಬರೆಯೋಣ."

ಸಾರಿಗೆ ಉಪ್ಪು ಬಿದ್ದದ್ದು ಹೀಗೆ.

ಕರಿಬಸವ ನೋಟ್‌ಬುಕ್ ಹಿಡಿದು ಕೂತ. ಮೂರು ದಿನ ಏನೂ ಬರೆಯಲಾಗಲಿಲ್ಲ. ಹಸಿವು ಎಂದರೆ ಯಾವುದೆಂದು ಮರೆತುಹೋಗಿತ್ತು. ನಾಲ್ಕನೇ ದಿನ ಬೆಳಗ್ಗೆ ಹಸಿವಾಯಿತು. ಬರೆದುಕೊಂಡ.

ಉಳಿದ ಮೂವರು ಶಿಷ್ಯರು ಬಾಗಿಲಲ್ಲೇ ಕಾಯುತ್ತಿದ್ದರು.

"ಏನು ಬರೆದೆಯಣ್ಣ?"

"ಹತ್ತು ಗಂಟೆಗೆ ಹಸಿವು."

ಮರುದಿನ ಮೂವರಿಗೂ ಸರಿಯಾಗಿ ಹತ್ತು ಗಂಟೆಗೆ ಹಸಿವಾಯಿತು.

ಮುಂದಿನ ವಾರ ಸಬಿಹಾ ನೋಟ್‌ಬುಕ್ಕನ್ನು ಎರಡು ಸಲ ಓದಿದರು. ಹಾಲು ಒಗ್ಗಿರಲಿಲ್ಲ, ಅದರ ಬದಲು ಮಜ್ಜಿಗೆ ಬಂತು. ಹತ್ತು ಗಂಟೆಗೆ ಒಂದು ಹಿಡಿ ಶೇಂಗಾ ಬಂತು. ಮಧ್ಯಾಹ್ನಕ್ಕೆ ರೊಟ್ಟಿ, ಬೇಳೆ, ಸೊಪ್ಪು. ಸಂಜೆಯ ಊಟದ ಸಾಲು ಮಾತ್ರ ಖಾಲಿ ಉಳಿಯಿತು.

"ಇಲ್ಲಿ ನಿಮಗೆ ಇಷ್ಟವಾದದ್ದು ಹೇಳಿ. ಇಷ್ಟವಿಲ್ಲದ್ದನ್ನು ಯಾರೂ ಬಹಳ ದಿನ ತಿನ್ನಲ್ಲ. ನಿಮ್ಮಂಥವರನ್ನು ಬಿಟ್ಟರೆ."

ಕರಿಬಸವ ಯೋಚಿಸಿದ. ತುಂಬ ಹೊತ್ತು ಹಿಡಿಯಿತು.

"ಹುರುಳಿಕಟ್ಟಿನ ಸಾರು. ಅವ್ವ ಮಾಡುತ್ತಿದ್ದಳು."

"ಒಳ್ಳೇದೇ ಆಯ್ತು. ಅವ್ವನಿಗೆ ಹೇಳಿ ಮಾಡಿಸಿಕೊಳ್ಳಿ."

"ಅವ್ವ ತೀರಿಕೊಂಡು ಎರಡು ವರ್ಷ ಆಯಿತು."

ಸಬಿಹಾ ಆ ಸಾಲಿನಲ್ಲಿ ಸಾರಿನ ಹೆಸರು ಬರೆದು, ಪಟ್ಟಿಯನ್ನು ಅವನ ಕೈಗೆ ಕೊಟ್ಟರು.

ಕರಿಬಸವ ಸಾರು ಮಾಡಿದ. ಮೂರು ಸಂಜೆ ಮಾಡಿದ. ಆಶ್ರಮದವರೆಲ್ಲ ಚೆನ್ನಾಗಿದೆ ಎಂದರು. ಅದು ಅವ್ವನ ಸಾರಾಗಿರಲಿಲ್ಲ.

ನಾಲ್ಕನೇ ಸಂಜೆ ಹೊಳೆಯ ದಂಡೆಯಲ್ಲಿ ಗುರುಗಳ ಪಕ್ಕ ಬಂದು ಕೂತ.

"ಅವ್ವ ನಾಲ್ಕು ಸಲ ಆ ಸಾರು ಹೊತ್ತುಕೊಂಡು ಬಂದಿದ್ದಳು, ಬುದ್ಧಿ. ಉಪ್ಪು ಬಿಟ್ಟಿದ್ದೇನೆ ಎಂದು ವಾಪಸು ಕಳಿಸಿದೆ. ಕೊನೆಯ ಸಲ ಉಪ್ಪು ಹಾಕದೆಯೇ ಮಾಡಿ ತಂದಿದ್ದಳು. ನಾನು ಮುಚ್ಚಳ ತೆಗೆದೂ ನೋಡಲಿಲ್ಲ."

ಕರಿಬಸವ ಗುರುಗಳ ಕಡೆ ತಿರುಗಿದ.

"ಅವತ್ತು ಹೋಗುವ ಮೊದಲು ನಿಮ್ಮ ಹತ್ತಿರ ತುಂಬ ಹೊತ್ತು ಕೂತಿದ್ದಳು. ಏನಾದರೂ ಹೇಳಿದಳೆ?"

"ಹೇಳಿದಳು. ಆ ಸಾರು ಮಾಡುವ ಬಗೆ. ಮಗ ಎಂದಾದರೂ ಕೇಳಿದರೆ ತಿಳಿಸಿ ಎಂದಳು."

ಕರಿಬಸವ ಜೇಬಿನಿಂದ ಪೆನ್ನು ತೆಗೆದ. "ಹೇಗೆ ಮಾಡಬೇಕಂತೆ, ಬುದ್ಧಿ?"

"ಹುರುಳಿಯನ್ನು ಹಿಂದಿನ ದಿನವೇ ನೆನೆಹಾಕಬೇಕು ಎಂದಳು. ಅಷ್ಟರಲ್ಲಿ ನಾನು ಧ್ಯಾನಕ್ಕೆ ಕಣ್ಣು ಮುಚ್ಚಿದೆ. ಮುಂದಿನದು ಯಾವುದನ್ನೂ ಕೇಳಿಸಿಕೊಳ್ಳಲಿಲ್ಲ."