ಚೆಲ್ಲುವ ಮದ್ದು

“ಗುರುಗಳೇ, ಹೆಮ್ಮೆಪಡುವುದು ತಪ್ಪೇ?” ಎಂದು ಶಿಷ್ಯ ಕೇಳಿದ.

ಅವನು ಮಠದ ಔಷಧಶಾಲೆಯಲ್ಲಿ ಪುಡಿಗಳನ್ನು ತೂಗಿ ಪೊಟ್ಟಣ ಕಟ್ಟುವವನು. ಹನ್ನೆರಡು ವರ್ಷಗಳಿಂದ ಆ ಕೆಲಸ ಅವನೊಬ್ಬನದೇ. ಆ ವಾರ ಹೊಸದಾಗಿ ಬಂದ ವೈದ್ಯೆ, ಅವನು ಕಟ್ಟಿದ ಪ್ರತಿ ಪೊಟ್ಟಣವನ್ನೂ ಇನ್ನೊಬ್ಬರು ಮತ್ತೊಮ್ಮೆ ತೂಗಬೇಕು ಎಂದಿದ್ದಳು.

“ಇಷ್ಟು ವರ್ಷಗಳಲ್ಲಿ ಒಂದು ದೂರೂ ಬಂದಿಲ್ಲ. ಈಗ ನನ್ನ ಬೆನ್ನ ಹಿಂದೆ ಇನ್ನೊಂದು ತಕ್ಕಡಿ ಇಡುವುದೆಂದರೆ ಏನರ್ಥ? ಅದು ಬೇಡವೆಂದು ನೀವೇ ಒಂದು ಮಾತು ಹೇಳಬೇಕು.”

“ಹೆಮ್ಮೆ ತಪ್ಪಲ್ಲ. ಕೂತುಕೋ,” ಎಂದು ಗುರುಗಳು ಈ ಕತೆ ಹೇಳಿದರು.

ಒಂದು ಕೋಟೆಯ ಊರಿನಲ್ಲಿ ಪಿಸ್ತೂಲಿನ ತೋಟಾಗಳನ್ನು ಕೈಯಿಂದ ತುಂಬುವ ಒಂದು ಮನೆ ಇತ್ತು. ಹಾರಿಸಿದ ಹಿತ್ತಾಳೆ ಕೊಳವೆಗಳನ್ನು ತೊಳೆದು, ಮತ್ತೆ ಮದ್ದು ಸುರಿದು, ಸೀಸದ ಗುಂಡು ಕೂರಿಸುವುದು ಅವರ ಕಸುಬು. ಆ ಕಸುಬು ತಾಯಿಯಿಂದ ಮಗಳಿಗೆ ಬರುತ್ತಿತ್ತು. ಆಗಿನ ಯಜಮಾನಿ ಮೂವತ್ತು ವರ್ಷ ತೋಟಾ ತುಂಬಿದವಳು. ಅವಳ ಮುದ್ರೆ ಇದ್ದ ಪೆಟ್ಟಿಗೆಯನ್ನು ಕೊಂಡವರು ಯಾರೂ ಪರೀಕ್ಷಿಸುತ್ತಿರಲಿಲ್ಲ. ಅವಳ ಕೈ ತಪ್ಪುವುದೇ ಇಲ್ಲ ಎಂದು ಊರು ಮಾತಾಡುತ್ತಿತ್ತು.

ಆ ಮನೆಗೆ ಒಂದು ನಿಯಮವಿತ್ತು. ಪೆಟ್ಟಿಗೆಗೆ ಅರಗಿನ ಮುದ್ರೆ ಒತ್ತುವ ಮೊದಲು ಅದರಿಂದ ಒಂದು ತೋಟಾವನ್ನು ಬೇರೆಯವರು ಆರಿಸಬೇಕು. ತುಂಬಿದವಳೇ ಅದನ್ನು ತನ್ನ ಕೈಯಲ್ಲಿ ಹಿಡಿದು ಹಾರಿಸಬೇಕು.

ಒಂದು ದಿನ ಒಬ್ಬ ವ್ಯಾಪಾರಿ ಹೊಸ ಮದ್ದು ತಂದ. ಅದು ಸಣ್ಣ ಕಾಳಿನದು, ಬಲು ಬಿರುಸಿನದು. ಕೊಳವೆಯ ತಳದಲ್ಲಿ ಸ್ವಲ್ಪವೇ ಬಿದ್ದರೂ ಸಾಕು. ಯಜಮಾನಿ ಬಳಸುತ್ತಿದ್ದ ಮದ್ದು ಹಗುರ. ಒಂದು ಅಳತೆಗೆ ಕೊಳವೆ ಕಂಠದವರೆಗೆ ತುಂಬುತ್ತಿತ್ತು.

“ಅಮ್ಮಾ, ನಿಮ್ಮ ಮದ್ದು ಮಂಡಕ್ಕಿ ಇದ್ದ ಹಾಗೆ,” ಎಂದು ವ್ಯಾಪಾರಿ ನಕ್ಕ. “ನೋಡಲು ರಾಶಿ, ತಿಂದರೆ ಗಾಳಿ.”

“ನನಗೆ ಮಂಡಕ್ಕಿಯೇ ಇರಲಿ,” ಎಂದಳು ಯಜಮಾನಿ.

ಮಗಳಿಗೆ ನಾಚಿಕೆಯಾಯಿತು. ಅವಳು ಚುರುಕು ಕೈಯವಳು. ಆ ವರ್ಷವೇ ಮುದ್ರೆ ಅವಳ ಕೈಗೆ ಬರುವುದಿತ್ತು. “ಅವ್ವಾ, ಎಲ್ಲರೂ ಹೊಸದಕ್ಕೆ ಹೋಗಿದ್ದಾರೆ. ಅದರಲ್ಲಿ ಇಲ್ಲದ ಯಾವ ಗುಣವನ್ನು ನಿನ್ನ ಮದ್ದಿನಲ್ಲಿ ಕಂಡು ಇದನ್ನೇ ಹಿಡಿದುಕೊಂಡಿದ್ದೀಯ?”

“ಅದು ಚೆಲ್ಲುತ್ತದೆ.”

“ಚೆಲ್ಲುವುದೂ ಒಂದು ಗುಣವೇ? ನಿನ್ನ ಕೈ ನಡುಗುತ್ತಿರಬೇಕು. ನನ್ನದು ನಡುಗುವುದಿಲ್ಲ. ಕಣ್ಣು ಮುಚ್ಚಿಕೊಂಡು ಅಳೆಯುತ್ತೇನೆ, ನೋಡು.”

ತಾಯಿ ಸಿಟ್ಟಾಗಲಿಲ್ಲ. “ಹೊಸ ಮದ್ದು ಕೆಟ್ಟದ್ದಲ್ಲ. ನಿನ್ನ ಗಂಡ ನಾಡಿದ್ದು ಗುರಿಯ ಪಂದ್ಯಕ್ಕೆ ಹೋಗುತ್ತಾನೆ. ಅವನ ಪೆಟ್ಟಿಗೆಯನ್ನು ನೀನು ಅದರಲ್ಲೇ ತುಂಬು. ನಾನೂ ಒಂದು ಪೆಟ್ಟಿಗೆ ನನ್ನದರಲ್ಲಿ ತುಂಬಿಡುತ್ತೇನೆ,” ಎಂದಳು.

ಮಗಳು ಅರವತ್ತು ಕೊಳವೆಗಳನ್ನು ಸಾಲಾಗಿ ನಿಲ್ಲಿಸಿ ತುಂಬತೊಡಗಿದಳು. ನಡುವೆ ಗಂಡ ಬಾಗಿಲಿಗೆ ಬಂದು, ತನ್ನ ಚರ್ಮದ ಪಟ್ಟಿ ಎಲ್ಲಿದೆ ಎಂದು ಕೇಳಿದ. ಗೂಟದಲ್ಲಿದೆ ಎಂದು ಅವಳು ತಿರುಗಿ ಹೇಳಿದಳು. ಮತ್ತೆ ಸಾಲಿನ ಕಡೆ ತಿರುಗಿ ಕೈಯಲ್ಲಿದ್ದ ಅಳತೆಯನ್ನು ಸುರಿದಳು. ಅರವತ್ತೂ ಮುಗಿದವು. ಒಂದರಂತೆ ಇನ್ನೊಂದು ಹೊಳೆಯುತ್ತಿತ್ತು. ಮೇಜಿನ ಮೇಲೆ ಒಂದು ಕಾಳೂ ಬಿದ್ದಿರಲಿಲ್ಲ.

ಪಂದ್ಯದ ದಿನ ಬೆಳಿಗ್ಗೆ ಮೂವರೂ ಅಂಗಳದಲ್ಲಿ ನಿಂತರು. ತಾಯಿ ನೋಡದೆ ಪೆಟ್ಟಿಗೆಗೆ ಕೈ ಹಾಕಿ ಒಂದು ತೋಟಾ ತೆಗೆದು ಮಗಳಿಗೆ ಕೊಟ್ಟಳು. ಮಗಳು ಅದನ್ನು ಪಿಸ್ತೂಲಿಗೆ ಹಾಕಿದಳು. ಕೈ ಎತ್ತಿದಳು. ಆಗ ಅವಳಿಗೆ ಬಾಗಿಲು ನೆನಪಾಯಿತು. ಚರ್ಮದ ಪಟ್ಟಿ ನೆನಪಾಯಿತು. ಗಂಡನ ಕಡೆ ತಿರುಗುವ ಮೊದಲು ಆ ಕೊಳವೆಗೆ ಸುರಿದಿದ್ದೆನೇ, ಇಲ್ಲವೇ? ಅದೊಂದು ಮಾತ್ರ ನೆನಪಾಗಲಿಲ್ಲ. ಎರಡು ಅಳತೆ ಬಿದ್ದಿದ್ದರೂ ಕೊಳವೆಯಲ್ಲಿ ಇನ್ನೂ ಜಾಗ ಉಳಿಯುತ್ತಿತ್ತು. ಗುಂಡು ಅದರ ಮೇಲೆ ಸುಖವಾಗಿ ಕೂರುತ್ತಿತ್ತು. ಅಂಥದನ್ನು ಹಾರಿಸಿದರೆ ಪಿಸ್ತೂಲೇ ಸಿಡಿದು ಹಿಡಿದ ಕೈ ಹೋಗುತ್ತಿತ್ತು.

“ಇದು ಬೇಡ. ಬೇರೆ ಕೊಡು,” ಎಂದಳು.

“ಏಕೆ? ಅರವತ್ತೂ ನಿನ್ನವೇ ಅಲ್ಲವೇ?” ಎಂದಳು ತಾಯಿ.

ಗಂಡನಿಗೆ ಹೊತ್ತಾಗುತ್ತಿತ್ತು. “ಇಲ್ಲಿ ಕೊಡೇ, ನಾನೇ ಹಾರಿಸುತ್ತೇನೆ. ನಿನ್ನ ಕೈಯ ಮೇಲೆ ನನಗೆ ನಂಬಿಕೆ ಇದೆ,” ಎಂದು ಬಲಗೈ ಚಾಚಿದ.

ಮಗಳು ಆ ಕೈಯನ್ನು ನೋಡಿದಳು. ಪಿಸ್ತೂಲಿನಿಂದ ತೋಟಾ ಹೊರತೆಗೆದಳು. ಪೆಟ್ಟಿಗೆಯನ್ನು ಎತ್ತಿಕೊಂಡು ಒಳಗೆ ಹೋದಳು.

ಗಂಡ ಅತ್ತೆಯ ಪೆಟ್ಟಿಗೆ ಹಿಡಿದು ಪಂದ್ಯಕ್ಕೆ ಹೋದ. ಗೆದ್ದನೋ ಸೋತನೋ, ಕತೆಯಲ್ಲಿ ಇಲ್ಲ. ಎರಡು ಕೈಗಳೊಂದಿಗೆ ಮನೆಗೆ ಬಂದ ಎಂದಷ್ಟೇ ಇದೆ.

ಮಗಳು ಕೂತು ಒಂದೊಂದೇ ಗುಂಡು ಕಿತ್ತು ಮದ್ದನ್ನು ತೂಗಿದಳು. ನಲವತ್ತೆರಡು ಸರಿಯಾಗಿದ್ದವು. ನಲವತ್ತಮೂರನೆಯದರಲ್ಲಿ ಎರಡು ಅಳತೆ ಇತ್ತು.

ಅವಳು ಅತ್ತಳು. “ನಿನ್ನ ಕೈ ಮೂವತ್ತು ವರ್ಷ ತಪ್ಪಲಿಲ್ಲ. ನನ್ನದು ಮೊದಲ ಪೆಟ್ಟಿಗೆಯಲ್ಲೇ ತಪ್ಪಿತು. ನನಗೆ ಮುದ್ರೆ ಬೇಡ, ಅವ್ವಾ.”

“ನನ್ನ ಕೈ ತಪ್ಪಲಿಲ್ಲ ಎಂದು ನಿನಗೆ ಯಾರು ಹೇಳಿದರು?”

“ಊರೆಲ್ಲ ಹೇಳುತ್ತದೆ.”

“ಊರಿಗೇನು ಗೊತ್ತು? ಊರು ನೋಡುವುದು ಮುದ್ರೆ ಒತ್ತಿದ ಪೆಟ್ಟಿಗೆಯನ್ನು.” ತಾಯಿ ಅಟ್ಟದಿಂದ ಒಂದು ದಪ್ಪ ಪುಸ್ತಕ ಇಳಿಸಿದಳು. ಧೂಳು ಒರೆಸಿ, ಬೆನ್ನು ನೆಟ್ಟಗೆ ಮಾಡಿ ಕೂತು, ಬೇರೆಯವರು ತಮ್ಮ ಬಿರುದುಗಳನ್ನು ಓದುವಂತೆ ಓದಿದಳು.

“ಶ್ರಾವಣ, ಎರಡನೆಯ ಸೋಮವಾರ. ಒಂದೇ ಕೊಳವೆಗೆ ಎರಡು ಸಲ ಸುರಿದೆ. ಚೆಲ್ಲಿತು. ನೋಡಿದೆ. ತೆಗೆದೆ.

“ಕಾರ್ತಿಕ, ಅಮಾವಾಸ್ಯೆಯ ಮರುದಿನ. ನೆರೆಯವಳೊಡನೆ ಜಗಳವಾಡುತ್ತ ತುಂಬಿದೆ. ಮೂರು ಸಲ ಚೆಲ್ಲಿತು. ನನ್ನದೇ ತಪ್ಪು. ಜಗಳದಲ್ಲಿ ಮಾತ್ರ ಅವಳದು.

“ಮಗಳು ಹುಟ್ಟಿದ ಹದಿನೆಂಟನೆಯ ವಾರ. ನಿದ್ದೆ ಇಲ್ಲ. ಎರಡು ಸಲ ಚೆಲ್ಲಿತು. ಕೆಲಸ ನಿಲ್ಲಿಸಿ ಮಗುವಿನ ಪಕ್ಕ ಮಲಗಿದೆ.”

ಮಗಳು ಅಳು ನಿಲ್ಲಿಸಿ ಕೇಳುತ್ತಿದ್ದಳು. ತಾಯಿ ಕೊನೆಯ ಪುಟಕ್ಕೆ ಬಂದಳು.

“ಮೂವತ್ತು ವರ್ಷ. ನಾನೂರ ಹನ್ನೊಂದು ತಪ್ಪು. ಒಂದೊಂದಕ್ಕೂ ದಿನ ಇದೆ, ಕಾರಣ ಇದೆ. ಒಂದೂ ಈ ಹೊಸ್ತಿಲು ದಾಟಿಲ್ಲ. ಈ ಊರಿನಲ್ಲಿ ಇಂಥ ಪುಸ್ತಕ ಇನ್ಯಾರ ಮನೆಯಲ್ಲಿದೆ, ತೋರಿಸು ನೋಡೋಣ!”

ಅವಳು ಲೇಖನಿಯನ್ನು ಮಗಳ ಕೈಗೆ ಕೊಟ್ಟಳು. ಮಗಳು ಬರೆದಳು: ನಾನೂರ ಹನ್ನೆರಡು. ಚೆಲ್ಲಲಿಲ್ಲ. ಹುಡುಕಿ ತೆಗೆದೆ.

ತಾಯಿ ಅದನ್ನು ಓದಿ, ಸೊಂಟದಿಂದ ಮುದ್ರೆ ಬಿಚ್ಚಿ ಪುಸ್ತಕದ ಮೇಲಿಟ್ಟಳು. ಮಾರನೆಯ ದಿನ ಮಗಳು ಹಗುರ ಮದ್ದಿನ ಚೀಲವನ್ನು ತಾನೇ ಬಿಚ್ಚಿದಳು.

ಗುರುಗಳು ಕತೆ ಮುಗಿಸಿದರು. ಶಿಷ್ಯನ ಮುಖ ಅರಳಿತ್ತು.

“ಹಾಗಾದರೆ ಆ ತಾಯಿಗೆ ಹೆಮ್ಮೆ ಸಲ್ಲುತ್ತದೆ. ನನಗೆ ಇನ್ನೂ ಹೆಚ್ಚು ಸಲ್ಲಬೇಕಲ್ಲವೇ, ಗುರುಗಳೇ? ಅವಳವು ನಾನೂರ ಹನ್ನೊಂದು ತಪ್ಪು. ನನ್ನದು ಒಂದೂ ಇಲ್ಲ.”

“ಅವಳವು ಮೇಜಿನ ಮೇಲೆ ಚೆಲ್ಲಿದವು ತಮ್ಮಾ, ನಿನ್ನವು ಯಾರ ಹೊಟ್ಟೆಗೆ ಹೋದವು?” ಎಂದರು ಗುರುಗಳು.