ಆಗರದ ಚಿಪ್ಪು

ನದಿ ಕಡಲು ಸೇರುವ ಅಳಿವೆಯ ದಂಡೆಯಲ್ಲಿ ಗುರು ಶಂಭಯ್ಯನವರ ಆಶ್ರಮ. ಆಶ್ರಮ ಎಂದರೆ ಒಂದು ಹಂಚಿನ ಮನೆ, ಅದರೊಳಗೆ ಚಿಪ್ಪಿನ ಪುಡಿಯನ್ನು ಪರೀಕ್ಷಿಸುವ ಒಂದು ಯಂತ್ರ, ಇಷ್ಟೇ. ಶಿಷ್ಯರೆಲ್ಲ ಒಬ್ಬೊಬ್ಬರಾಗಿ ಹೊರಟುಹೋಗಿ ಈಗ ವಾಮನನೊಬ್ಬ ಉಳಿದಿದ್ದ.

ಅವನೂ ಗಂಟು ಕಟ್ಟಿದ್ದ. ಗುರುಗಳು ಮಾತಾಡುವುದೇ ಅಪರೂಪ. ಗೋಡೆಯ ಜೊತೆ ಸಂಸಾರ ಮಾಡಿದ ಹಾಗಾಗಿ ವಾಮನನಿಗೆ ಸಾಕುಸಾಕಾಗಿತ್ತು.

ಕೊನೆಯ ಪಾಠವೊಂದು ಬಾಕಿ ಇತ್ತು. ಮುತ್ತಜ್ಜಂದಿರ ಕಾಲದಲ್ಲಿ ಇಲ್ಲಿನ ನೀರು ಎಷ್ಟು ತಂಪಿತ್ತೆಂದು ಹಳೆಯ ಚಿಪ್ಪೊಂದನ್ನು ಪರೀಕ್ಷಿಸಿ ಹೇಳಬೇಕು.

ಹಳೆಯ ಚಿಪ್ಪುಗಳು ಹೂತಿರುವ ಅಳಿವೆಯ ಕೆಸರಿಗೆ ಇಳಿಯಲು ಬೇಸರವಾಗಿ ವಾಮನ ದಾರಿಯಲ್ಲಿ ಸಿಕ್ಕ ಹಳೆಯ ಚಿಪ್ಪೊಂದನ್ನೇ ಹೆಕ್ಕಿ ತಂದ. ಅರ್ಧ ಮುರಿದು ಪುಡಿ ಮಾಡಿ ಯಂತ್ರಕ್ಕೆ ಕೊಟ್ಟ.

“ಹಗುರ, ಭಾರ ಎರಡು ಬಗೆಯ ಆಮ್ಲಜನಕದಲ್ಲಿ ಇದಕ್ಕೆ ಭಾರದ್ದು ಹೆಚ್ಚಿದೆ ಗುರುಗಳೇ. ತಂಪು ನೀರಲ್ಲಿ ಬೆಳೆದ ಚಿಪ್ಪಿಗೆ ಅದು ಹೆಚ್ಚು ಸೇರುತ್ತದೆ ಅಂತ ನೀವೇ ಹೇಳಿದ್ದು. ಆಗ ನೀರು ತುಂಬ ತಣ್ಣಗಿತ್ತು.”

“ಎಲ್ಲಿ ಹೆಕ್ಕಿದ್ದು?”

“ಪಾಳುಬಿದ್ದ ಉಪ್ಪಿನ ಆಗರದಲ್ಲಿ.”

“ಆಗರದ ನೀರು ಬಿಸಿಲಿಗೆ ಆವಿಯಾಗಿ ಆರ್ತದೆ ಮಾರಾಯ. ಹಗುರದ್ದು ಹಾರಿಹೋಗ್ತದೆ, ಭಾರದ್ದು ಉಳೀತದೆ. ಸುಡುವ ಉಪ್ಪುನೀರಲ್ಲಿ ಬದುಕಿದ್ದನ್ನು ತಣ್ಣಗಿತ್ತು ಅಂತೀಯಲ್ಲ! ಯಾವ ನೀರು ಅಂತ ಮೊದಲು ನೋಡ್ಬೇಕು.”

ವಾಮನನಿಗೆ ಅವಮಾನವಾಯಿತು. ಇಷ್ಟು ದಿನ ನುಂಗಿಕೊಂಡದ್ದೆಲ್ಲ ಬಾಯಿಗೆ ಬಂತು.

“ನಾನೂ ಹೊರಟೆ. ಹೋದವರಲ್ಲಿ ಒಬ್ಬರನ್ನಾದರೂ ನಿಲ್ಲು ಅಂದಿರಾ? ನಿಮ್ಮಷ್ಟು ತಣ್ಣಗಿನ ಮನುಷ್ಯರನ್ನು ನಾನು ಕಂಡಿಲ್ಲ!”

ಗುರುಗಳು ಸಿಟ್ಟಾಗಲಿಲ್ಲ. “ಉಂಡು ಹೋಗು” ಎಂದು ಅಡುಗೆಮನೆಗೆ ನಡೆದರು.

ಯಾವಾಗಲೂ ಕರೆದ ಮೇಲೆಯೇ ಊಟಕ್ಕೆ ಏಳುತ್ತಿದ್ದ ವಾಮನ, ಹೊರಡುವ ಅವಸರಕ್ಕೆ ಗಂಟು ಹಿಡಿದು ಹಿಂದೆಯೇ ಹೋದ. ಬಾಗಿಲಲ್ಲೇ ನಿಂತುಬಿಟ್ಟ.

ಒಲೆಯ ಮೇಲೆ ಎಲ್ಲರೂ ಇದ್ದಾಗಿನ ದೊಡ್ಡ ಪಾತ್ರೆಯ ತುಂಬ ಅನ್ನ. ಮುದುಕರಿಗೆ ಅಂದಾಜು ತಪ್ಪುತ್ತದೆ ಎಂದು ವಾಮನ ಎಷ್ಟೋ ಸಲ ಒಳಗೊಳಗೇ ನಕ್ಕದ್ದುಂಟು.

ಗುರುಗಳು ತಟ್ಟೆಗಳನ್ನು ಒರೆಸಿ ಹೋದವರ ಜಾಗದಲ್ಲೂ ಸಾಲಾಗಿ ಇಟ್ಟರು. ಕಿಟಕಿಯಿಂದ ದಾರಿಯನ್ನು ಒಮ್ಮೆ ನೋಡಿದರು. ಆಮೇಲೆ ಎರಡನ್ನು ಬಿಟ್ಟು ಉಳಿದವನ್ನು ಒಂದೊಂದಾಗಿ ಎತ್ತಿಟ್ಟರು.

ವಾಮನ ಗಂಟನ್ನು ಕೆಳಗಿಟ್ಟ. ದಿನವೂ ಹೀಗೇ ನಡೆಯುತ್ತಿತ್ತೇನೋ. ತಾನು ಒಂದು ದಿನವೂ ನೋಡಿರಲಿಲ್ಲ.

“ಗುರುಗಳೇ, ನಾನು ಆಗ ಅಂದದ್ದು...”

ಗುರುಗಳು ಉಳಿದರ್ಧ ಚಿಪ್ಪನ್ನು ಅವನ ತಟ್ಟೆಯ ಪಕ್ಕ ಇಟ್ಟರು.

“ನೀರು ನೋಡದೆ ಅಂದದ್ದು. ಕೂತ್ಕೋ, ಅನ್ನ ಆರ್ತದೆ.”