ಮರಿಸಿದ್ದನ ಮೊದಲ ತುತ್ತು

ಕಪಿಲೆಯ ದಡದಲ್ಲಿ ಒಂದು ಆಶ್ರಮವಿತ್ತು. ಆಶ್ರಮ ಎಂದ ಕೂಡಲೇ ಜಪಮಣಿ, ಜಿಂಕೆಚರ್ಮ ಎಂದುಕೊಳ್ಳಬೇಡಿ. ಅಲ್ಲಿದ್ದವರು ಮೈ ಬೆಳೆದು ಗಡ್ಡ ನರೆತರೂ ಮನಸ್ಸು ತನ್ನದೇ ದಾರಿ ಹಿಡಿದವರು. ಊರಿನವರು ಅವರನ್ನು ಬುದ್ಧಿ ಇಲ್ಲದವರು ಎನ್ನುತ್ತಿದ್ದರು. ಅವರನ್ನು ನೋಡಿಕೊಳ್ಳುವ ಗುರುಗಳನ್ನು, ಆ ಸೀಮೆಯ ವಾಡಿಕೆಯಂತೆ, ‘ಬುದ್ಧಿ’ ಎಂದೇ ಕರೆಯುತ್ತಿದ್ದರು.

ಅಲ್ಲಿದ್ದವರಲ್ಲಿ ಮರಿಸಿದ್ದ ಒಬ್ಬ. ನಲವತ್ತು ದಾಟಿದವನು. ಮಾತಿಲ್ಲ. ಯಾರಾದರೂ ಮೈ ಮುಟ್ಟಿದರೆ ಆಗದು. ಆದರೆ ಊಟಕ್ಕೆ ಕೂತನೆಂದರೆ ಅವನೇ ಅರಸು.

ಅನ್ನವನ್ನು ಮೊದಲು ತಟ್ಟೆಯ ತುಂಬ ಹರಡುವನು. ಬೆರಳಿನಿಂದ ಗುಳಿ ಮಾಡುವನು. ಸಾರು ಗುಳಿಯಲ್ಲಿ ಇಂಗುವುದನ್ನು ಬಾಗಿ ನೋಡುವನು. ಆಮೇಲೆ ಕಲಸುವನು, ಮತ್ತೆ ಹರಡುವನು. ಎಲ್ಲರೂ ಕೈ ತೊಳೆದು ಎದ್ದರೂ ಅವನ ಊಟ ಅರ್ಧಕ್ಕೆ ಬಂದಿರುತ್ತಿರಲಿಲ್ಲ. ನೆಲಕ್ಕೆ ಬಿದ್ದದ್ದಕ್ಕೆ ಕಾಗೆಗಳು ಬಾಗಿಲಲ್ಲೇ ಕಾದಿರುತ್ತಿದ್ದವು.

ಊಟದ ಮನೆಯ ಹೊಣೆ ಶಿಷ್ಯ ಪರಶಿವನ ಮೇಲೆ ಬಿತ್ತು. ಒಳ್ಳೆಯವನು, ಮೈಗಳ್ಳನಲ್ಲ. ಆದರೆ ನೆಲದ ಮೇಲೆ ಒಂದು ಅಗುಳು ಕಂಡರೂ ಅವನಿಗೆ ಕಣ್ಣಲ್ಲಿ ಕಸ ಬಿದ್ದಂತಾಗುತ್ತಿತ್ತು.

ಒಂದು ದಿನ ಗುರುಗಳ ಬಳಿ ಹೋದ.

“ಬುದ್ಧಿ, ಮರಿಸಿದ್ದ ಊಟ ಮಾಡೋಕೆ ಬಹಳ ಕಷ್ಟಪಡ್ತಾನೆ. ನಾನೇ ತಿನ್ನಿಸಲಾ?”

ಗುರುಗಳು ಬಂದವರೊಡನೆ ಮಾತಿನಲ್ಲಿದ್ದರು. “ಅವನು ಒಪ್ಪಿದರೆ ತಿನ್ನಿಸಪ್ಪ,” ಎಂದರು.

ಮೊದಲ ದಿನ ಮರಿಸಿದ್ದ ಮುಖ ತಿರುಗಿಸಿದ. ಮರುದಿನ ಪರಶಿವನ ಕೈಯನ್ನು ತಳ್ಳಿದ. ಕೆಲವು ದಿನ ಹೀಗೇ ನಡೆಯಿತು. ಪರಶಿವ ತಾಳ್ಮೆಯವನು, ಬಿಡಲಿಲ್ಲ. ಕೊನೆಗೊಮ್ಮೆ ಮರಿಸಿದ್ದ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಬಾಯಿ ತೆರೆದ.

ಪರಶಿವ ಅದನ್ನು ಒಪ್ಪಿಗೆ ಎಂದುಕೊಂಡ.

ಅಂದಿನಿಂದ ಊಟದ ಮನೆ ಕನ್ನಡಿಯಾಯಿತು. ಕಾಗೆಗಳು ಬೇರೆ ಮನೆ ಹುಡುಕಿಕೊಂಡವು. ನೋಡಲು ಬಂದ ಭಕ್ತರು, ಬೆಳೆದ ಗಂಡಸಿಗೆ ಇನ್ನೊಬ್ಬ ಗಂಡಸು ತುತ್ತು ಮಾಡಿ ತಿನ್ನಿಸುವುದನ್ನು ಕಂಡು ಕಣ್ಣು ಒರೆಸಿಕೊಂಡರು. “ಹೆತ್ತ ತಾಯಿಯೂ ಹೀಗೆ ನೋಡ್ಕೊಳ್ಳಲ್ಲ,” ಎಂದರು. ಪರಶಿವ ತಲೆ ತಗ್ಗಿಸಿ ನಿಂತ. ತಗ್ಗಿಸಿದ ತಲೆಯೊಳಗೆ ಕೊಂಚ ಉಬ್ಬಿಯೂ ಇದ್ದ, ಅದೇನು ದೊಡ್ಡ ತಪ್ಪಲ್ಲ.

ಗುರುಗಳೂ ಒಮ್ಮೆ ಬಾಗಿಲಲ್ಲಿ ನಿಂತು ನೋಡಿ, “ಚೊಕ್ಕಟವಾಗಿದೆ,” ಎಂದು ಹೋದರು.

ಸುಗ್ಗಿ ಮುಗಿದ ಮೇಲೆ ಮರಿಸಿದ್ದನ ಅಕ್ಕ ಪುಟ್ಟಮಾದಮ್ಮ ಬಂದಳು. ವರ್ಷಕ್ಕೊಮ್ಮೆ ಬರುವವಳು. ಮಂಡಿ ನೋವು, ಎರಡು ಬಸ್ಸು ಹತ್ತಿ ಇಳಿಯಬೇಕು. ಆದರೂ ಡಬ್ಬಿಯಲ್ಲಿ ಮೊಸರನ್ನ ಕಟ್ಟಿಕೊಂಡೇ ಬರುತ್ತಿದ್ದಳು.

ತಮ್ಮನ ಎದುರು ನೆಲದ ಮೇಲೆ ಕೂತಳು. ತಟ್ಟೆಗೆ ಮೊಸರನ್ನ ಸುರಿದು ಅವನ ಮುಂದಿಟ್ಟಳು. ಆಮೇಲೆ ತನ್ನ ಬಲಗೈಯನ್ನು ಚಾಚಿ ಕಾದಳು.

ಮರಿಸಿದ್ದ ಬಾಯಿ ತೆರೆದು ಕಾದ.

ಅವಳ ಅಂಗೈ ಹಾಗೇ ಇತ್ತು. ಅವನ ಬಾಯಿ ಹಾಗೇ ಇತ್ತು. ನಡುವೆ ತಟ್ಟೆ.

ಪುಟ್ಟಮಾದಮ್ಮ ನಿಧಾನವಾಗಿ ಕೈ ಹಿಂದಕ್ಕೆ ತೆಗೆದುಕೊಂಡಳು.

“ಅವ್ನ ಕೈಗೇನಾಯ್ತು, ಬುದ್ಧಿ? ಬಿದ್ದು ಗಿದ್ದು ಪೆಟ್ಟಾಗಿತ್ತಾ?”

ಪಕ್ಕದಲ್ಲಿ ನಿಂತಿದ್ದ ಗುರುಗಳು ಪರಶಿವನ ಕಡೆ ನೋಡಿದರು. ಪರಶಿವ ಮುಂದೆ ಬಂದ.

“ಏನೂ ಆಗಿಲ್ಲ ಅಕ್ಕ. ಕೈ ಚೆನ್ನಾಗೇ ಇದೆ. ಊಟ ಮಾತ್ರ ನಾನೇ ತಿನ್ನಿಸ್ತೀನಿ. ಒಂದು ಹೊತ್ತೂ ತಪ್ಪಿಸಿಲ್ಲ.”

“ಅಂಗಾ?” ಎಂದಳು. ತಮ್ಮನ ಮಡಿಲಲ್ಲಿದ್ದ ಕೈಗಳನ್ನೇ ನೋಡುತ್ತ ಹೇಳಿದಳು. “ನಮ್ಮವ್ವ ತೀರ್ಕಂಡ ದಿನ ನಾನು ಉಣ್ಣದೆ ಮೂಲೆಲಿ ಕುಂತಿದ್ದೆ, ಬುದ್ಧಿ. ಇವ್ನು ಅನ್ನದ ತಣಿಗೆ ಎಳ್ಕಂಡು ಬಂದು ನನ್ನ ಎದುರುಗೆ ಕುಂತ್ಕಂಡ. ಕಲಸ್ದ, ಕಲಸ್ದ, ಕಲಸ್ತಾನೇ ಇದ್ದ. ಆಮೇಲೆ ಮೊದಲ್ನೆ ತುತ್ತು ತಂದು ನನ್ನ ಕೈಗಿಟ್ಟ. ಕೊಡು ಅಂತ ಯಾರೂ ಅಂದಿರ್ನಿಲ್ಲ. ಅವತ್ತಿಂದ ನಾನು ಎದುರುಗೆ ಕುಂತ್ರೆ ಮೊದಲ್ನೆ ತುತ್ತು ನಂದೇಯ. ಅಕ್ಕ ಅನ್ನೋಕೆ ಅವ್ನಿಗೆ ಬಾಯಿ ಬರಾಕಿಲ್ವಲ್ಲ.”



ಅವಳೇ ತಮ್ಮನಿಗೆ ತಿನ್ನಿಸಿದಳು. ಡಬ್ಬಿ ತೊಳೆದುಕೊಂಡಳು. ಹೊರಡುವಾಗ ಗುರುಗಳಿಗೆ ಕೈಮುಗಿದು, “ಚೆನ್ನಾಗಿ ನೋಡ್ಕಂಡಿದ್ದೀರಿ, ಬುದ್ಧಿ. ಮೈ ಕೈ ತುಂಬ್ಕಂಡವ್ನೆ,” ಎಂದಳು. ಕುಹಕವಿಲ್ಲದೆ, ಮನಸಾರೆ ಹೇಳಿದಳು. ಬೈದಿದ್ದರೆ ಇಬ್ಬರಿಗೂ ಅಷ್ಟು ನೋಯುತ್ತಿರಲಿಲ್ಲ.

ಅವಳು ಹೋದ ಮೇಲೆ ಪರಶಿವ ಕೇಳಿದ.

“ನಾನು ಮಾಡಿದ್ದು ತಪ್ಪಾ, ಬುದ್ಧಿ? ತಾಯಿ ಹಾಗೆ ತಿನ್ನಿಸಿದೆ.”

“ನಾಳೆ ಮಧ್ಯಾಹ್ನ ನನಗೂ ತಿನ್ನಿಸು,” ಎಂದರು ಗುರುಗಳು.

ಮರುದಿನ ಎಲ್ಲರ ಎದುರು ಗುರುಗಳು ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತರು. ಪರಶಿವ ನಾಚುತ್ತ ತುತ್ತು ಮಾಡಿ ಬಾಯಿಗಿಟ್ಟ. ಒಂದು ನುಂಗುವಷ್ಟರಲ್ಲಿ ಇನ್ನೊಂದು ಬಂತು. ಗುರುಗಳ ಕಣ್ಣು ಉಪ್ಪಿನಕಾಯಿಯ ಕಡೆ ಹೋಯಿತು, ಬಂದದ್ದು ಪಲ್ಯ. ನೀರಿನ ಕಡೆ ಹೋಯಿತು, ಬಂದದ್ದು ಅನ್ನ. ಅವರು ಬಾಯಿ ಬಿಟ್ಟು ಏನೂ ಕೇಳಲಿಲ್ಲ. ತಟ್ಟೆ ಬೇಗ ಖಾಲಿಯಾಯಿತು. ಒಂದು ಅಗುಳೂ ಕೆಳಗೆ ಬೀಳಲಿಲ್ಲ.

“ನಾನು ಉಣ್ಣುವಾಗ ನೀನು ಏನು ನೋಡ್ತಿದ್ದೆ?”

ಪರಶಿವ ಖಾಲಿ ತಟ್ಟೆಯ ಕಡೆ ನೋಡಿದ. “ತಟ್ಟೆ,” ಎಂದ.

“ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ನೀನು ಅವನ ಕೈ ತೊಳೆದಿಟ್ಟು ಬಾಯಿಗೆ ಮೊಸರು ಹಾಕ್ತಿದ್ದೆ.”

ಪರಶಿವನ ಕಣ್ಣು ತುಂಬಿತು.

“ನೀನೊಬ್ಬನೇ ಅಳಬೇಡ,” ಎಂದರು ಗುರುಗಳು. “ಅವನು ಒಪ್ಪಿದರೆ ಅಂದಿದ್ದೆ ನಾನು. ಒಪ್ಪಿದನಾ ಅಂತ ಬಂದು ಕೇಳಲಿಲ್ಲ. ಬಾಗಿಲಲ್ಲಿ ನಿಂತು ನೆಲ ನೋಡಿ ಹೋದೆ.”

ಅಂದು ರಾತ್ರಿ ಪರಶಿವ ತಟ್ಟೆಯನ್ನು ಮರಿಸಿದ್ದನ ಮುಂದಿಟ್ಟು ಎದುರಿಗೆ ಕೂತ. ಮರಿಸಿದ್ದ ಬಾಯಿ ತೆರೆದ. ಪರಶಿವ ಕಾದ. ಅನ್ನ ಆರಿ ಅಂಚಿನಲ್ಲಿ ಒಣಗಿತು. ಮರಿಸಿದ್ದ ಬಾಯಿ ಮುಚ್ಚಿ, ತೆರೆದು, ಕಡೆಗೆ ಹಣೆಯನ್ನು ಗೋಡೆಗೆ ಚಚ್ಚಿಕೊಂಡ.

ಪರಶಿವ ಓಡಿಬಂದ. “ಆಗಲ್ಲ, ಬುದ್ಧಿ. ಹಸಿದವನನ್ನ ಎದುರಿಗೆ ಕೂರಿಸ್ಕೊಂಡು ನೋಡೋಕಾಗಲ್ಲ.”

“ಹಸಿವಿನಲ್ಲಿ ಇಡು ಅಂದವರು ಯಾರು? ಹೊಟ್ಟೆ ತುಂಬ ತಿನ್ನಿಸು. ಕೊನೇ ತುತ್ತನ್ನ ಮಾತ್ರ ತಟ್ಟೆಯಲ್ಲೇ ಬಿಡು. ಅವನು ಮುಟ್ಟಿದರೂ ಸರಿ, ಮುಟ್ಟದಿದ್ದರೂ ಸರಿ, ಅವನು ಏಳೋವರೆಗೆ ನೀನು ಏಳಬೇಡ.”

“ಎಷ್ಟು ದಿನ?”

“ಕಿತ್ತುಕೊಳ್ಳೋಕೆ ಹಿಡಿದದ್ದಕ್ಕಿಂತ ಜಾಸ್ತಿ.”

ಮಳೆ ಶುರುವಾಯಿತು. ಹೊಳೆ ತುಂಬಿ ಇಳಿಯಿತು. ಊಟದ ಮನೆಯಲ್ಲಿ ಒಬ್ಬ ಬಾಯಿ ತೆರೆದು, ಇನ್ನೊಬ್ಬ ಬಾಯಿ ಮುಚ್ಚಿ, ದಿನವೂ ಎದುರುಬದುರು ಕೂತಿರುತ್ತಿದ್ದರು. ಬೇರೆಯವರ ಬಟ್ಟೆ ಒಗೆಯುವುದು ತಡವಾಯಿತು, ಅಂಗಳ ಗುಡಿಸುವುದು ತಡವಾಯಿತು. ನೋಡಲು ಬಂದ ಭಕ್ತರು, “ಮೊದಲಿನ ಶಿಸ್ತಿಲ್ಲ,” ಎಂದು ಗೊಣಗಿಕೊಂಡು ಹೋದರು. ಗುರುಗಳು ತಾವೇ ಪೊರಕೆ ಹಿಡಿದರು.

ಒಂದು ಮಧ್ಯಾಹ್ನ ಮರಿಸಿದ್ದನ ಬೆರಳು ಅನ್ನ ಮುಟ್ಟಿತು. ಮುಟ್ಟಿ ಹಿಂದೆ ಬಂತು. ಇನ್ನೂ ಹಲವು ದಿನಗಳ ಮೇಲೆ ಅನ್ನದಲ್ಲಿ ಒಂದು ಗುಳಿಯಾಯಿತು. ಚಳಿಗಾಲದ ಹೊತ್ತಿಗೆ ಅವನು ಪೂರ್ತಿ ಊಟವನ್ನು ತಾನೇ ಮಾಡತೊಡಗಿದ. ಅರ್ಧ ಅನ್ನ ನೆಲದ ಮೇಲೆ. ಪರಶಿವ ಅದನ್ನು ಬಳಿಯುತ್ತ ಹಾಡಿಕೊಳ್ಳುತ್ತಿದ್ದ, ಅಷ್ಟು ಸಂತೋಷ ಅವನಿಗೆ.

“ಬರ್ತಾ ಇದೆ, ಬುದ್ಧಿ. ಅಕ್ಕ ಬರೋ ಹೊತ್ತಿಗೆ ಎಲ್ಲ ಬಂದಿರತ್ತೆ.”

ಗುರುಗಳು ಪೊರಕೆ ಎತ್ತಿಕೊಂಡು ಅಂಗಳಕ್ಕೆ ಇಳಿದರು.

ಸುಗ್ಗಿ ಮುಗಿಯಿತು. ಪುಟ್ಟಮಾದಮ್ಮ ಬಂದಳು. ಈ ಸಲ ಮೊಮ್ಮಗಳ ಭುಜ ಹಿಡಿದು ನಡೆದು ಬಂದಳು. ನೆಲದ ಮೇಲೆ ಕೂರಲು ಬಹಳ ಹೊತ್ತು ಹಿಡಿಯಿತು. ಮೊಸರನ್ನ ಸುರಿದು ತಟ್ಟೆಯನ್ನು ಮುಂದಿಟ್ಟಳು. ಕೈ ಚಾಚಬೇಕೋ ಬೇಡವೋ ಎಂದು ಅನುಮಾನಿಸಿ, ಕೊನೆಗೆ ಚಾಚಿದಳು.

ಮರಿಸಿದ್ದ ಅನ್ನವನ್ನು ಹರಡಿದ. ಗುಳಿ ಮಾಡಿದ. ಕಲಸಿದ. ಪರಶಿವ ಬಾಗಿಲ ಬಳಿ ನಿಂತು ನೋಡುತ್ತಿದ್ದ.

ಮರಿಸಿದ್ದ ಮೊದಲ ತುತ್ತು ಮಾಡಿದ. ಅಕ್ಕನ ಅಂಗೈ ನೋಡಿದ. ಯಾರದೋ ಕೈ ನೋಡುವ ಹಾಗೆ ನೋಡಿ, ತುತ್ತನ್ನು ತನ್ನ ಬಾಯಿಗಿಟ್ಟುಕೊಂಡ. ಎರಡನೆಯದನ್ನೂ. ಮೂರನೆಯದನ್ನೂ.

ಪುಟ್ಟಮಾದಮ್ಮ ಆ ಕೈಯಿಂದಲೇ ಸೆರಗು ಸರಿಮಾಡಿಕೊಂಡಳು.

“ತಿಂತಾನಲ್ಲ, ಸಾಕು ಬುಡಿ,” ಎಂದು ನಕ್ಕಳು. “ಬರೋ ವರ್ಸ ನಾನು ಬರೋಕಾಯ್ತದೋ ಇಲ್ವೋ. ಮಂಡಿ ಕೇಳಾಕಿಲ್ಲ.”

ಬಸ್ಸಿನವರೆಗೆ ಪರಶಿವ ಕಳಿಸಿ ಬಂದ. ಗುರುಗಳು ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು. ಅವನೂ ಒಂದು ಮೆಟ್ಟಿಲು ಕೆಳಗೆ ಕೂತ. 

“ತಿನ್ನೋದು ಬಂತು, ಬುದ್ಧಿ. ಕೊಡೋದು ಬರಲಿಲ್ಲ. ಅದನ್ನ ಅವನಿಗೆ ಹೇಗೆ ಕಲಿಸೋದು?”

“ಅದನ್ನ ಅವನಿಗೆ ಯಾರೂ ಕಲಿಸಿರಲಿಲ್ಲ, ಪರಶಿವ. ಮರೆಸಿದ್ದು ಮಾತ್ರ ನಾವು.”